ನಗದಿಲ್ಲದ ಸುಂಕದ ಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯು ನಮ್ಮ ವಾಚಕರೆಲ್ಲರಿಗೂ ತಿಳಿದದ್ದೇ. ಹಿಂದಿನ ಸುಂಕದವನಿಗೆ ಮನಸ್ಸು ಕರಗದಿದ್ದರೂ ಕೇಳುವುದಕ್ಕೆ ಕಿವಿಯಾದರೂ ಇತ್ತು. ಈಗ ರಾಷ್ಟ್ರೀಯ ಹೆದ್ದಾರಿಗಳ ಟೋಲ್ ಗೇಟಿನಲ್ಲಿ ಹಣವನ್ನು ಎತ್ತುವುದು ಯಂತ್ರ. ಅದಕ್ಕೆ ಕಿವಿಯೂ ಇಲ್ಲ. ಇದು ವಿನೋದದ ಮಾತೆಂದು ತೋರಬಹುದು. ಆದರೆ ಮಾಸ್ತಿಯ ಕಡೆಯ ಲಾರಿ, ಟೆಂಪೋ ಚಾಲಕರ ಅಹವಾಲನ್ನು ಕೇಳಿದ ನಮಗೆ ಇದರಲ್ಲಿ ವಿನೋದವೇನೂ ಕಾಣಲಿಲ್ಲ.

ಮಾಲೂರು ತಾಲ್ಲೂಕಿನ ತರಕಾರಿ, ಹೂವು, ಕೋಲಾರದ ಮಾರುಕಟ್ಟೆಯ ಟೊಮೆಟೊ ಇವು ಬೆಂಗಳೂರಿಗೂ ಮದರಾಸಿಗೂ ದಿನವಹಿ ಹೋಗತಕ್ಕ ಸರಕುಗಳು. ಇವನ್ನು ಸಾಗಿಸುವ ಚಾಲಕನಿಗೆ ರಸ್ತೆಯೇ ಮನೆ, ಗಾಡಿಯೇ ಹಾಸಿಗೆ. ಪಟ್ಟಣದ ಗೃಹಸ್ಥನು ತಿಂಗಳಿಗೊಮ್ಮೆ ದಾಟುವ ಕಟ್ಟೆಯನ್ನು ಇವನು ದಿನಕ್ಕೆ ಹಲವು ಸಲ ದಾಟಬೇಕು. ಆದುದರಿಂದ ಈ ಏರ್ಪಾಡಿನ ಗುಣದೋಷಗಳನ್ನು ಇವನಷ್ಟು ಬಲ್ಲವರು ಬೇರೆ ಇಲ್ಲ.

ಗುಣವನ್ನು ಮೊದಲು ಹೇಳುವುದು ನ್ಯಾಯ. ಗಾಡಿಯ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಎಂಬ ಚೀಟಿಯನ್ನು ಯಂತ್ರವು ರೇಡಿಯೋ ಅಲೆಯಿಂದ ಓದಿ, ಅದಕ್ಕೆ ಸೇರಿದ ಖಾತೆಯಿಂದ ಹಣವನ್ನು ಕಳೆದುಕೊಳ್ಳುತ್ತದೆ. 2021ನೆಯ ಫೆಬ್ರವರಿ 15ರ ನಡುರಾತ್ರಿಯಿಂದ ಇದು ರಾಷ್ಟ್ರೀಯ ಹೆದ್ದಾರಿಗಳ ಎಲ್ಲ ಸಾಲುಗಳಿಗೂ ಕಡ್ಡಾಯವಾಯಿತು. ಚಿಲ್ಲರೆಯ ಜಗಳ ತಪ್ಪಿತು, ಕಾಯುವ ಹೊತ್ತು ತಗ್ಗಿತು, ಲೆಕ್ಕ ಚೊಕ್ಕಟವಾಯಿತು. ಇದನ್ನು ಯಾರೂ ಅಲ್ಲಗಳೆಯಲಾರರು, ನಾವೂ ಅಲ್ಲಗಳೆಯುವುದಿಲ್ಲ.

ದೋಷವಿರುವುದು ಯಂತ್ರವು ತಡವರಿಸಿದಾಗ. ಮಾಸ್ತಿಯ ಚಾಲಕರೊಬ್ಬರು ತಮ್ಮ ಅನುಭವವನ್ನು ನಮಗೆ ಹೇಳಿದರು. ಗಾಡಿ ಯಜಮಾನರದು, ಖಾತೆಯೂ ಯಜಮಾನರದು. ನಡುರಾತ್ರಿಯಲ್ಲಿ, ಊರಿನಿಂದ ಬಹುದೂರದ ಕಟ್ಟೆಯಲ್ಲಿ ಚೀಟಿ ನಡೆಯಲಿಲ್ಲ. ಖಾತೆಯಲ್ಲಿ ಹಣ ಮುಗಿದಿತ್ತೋ, ಚೀಟಿ ಕೆಟ್ಟಿತ್ತೋ, ಯಂತ್ರವೇ ಕೆಟ್ಟಿತ್ತೋ ಹೇಳುವವರಿಲ್ಲ. ಯಜಮಾನರು ನಿದ್ರೆಯಲ್ಲಿದ್ದರು, ಹಿಂದೆ ಹಾರನ್ನುಗಳ ಗದ್ದಲ, ಹೊತ್ತು ಮೀರಿದರೆ ಟೊಮೆಟೊ ಕೆಡುತ್ತದೆ. ಎರಡರಷ್ಟು ಸುಂಕವನ್ನು ತಮ್ಮ ಬತ್ತದಿಂದಲೇ ಕೊಟ್ಟು ಅವರು ಮುಂದೆ ಸಾಗಿದರು.

2018ನೆಯ ಮೇ ತಿಂಗಳ ಸರ್ಕಾರದ ಪ್ರಕಟನೆಯಂತೆ, ಚೀಟಿ ಸರಿಯಾಗಿದ್ದು ಖಾತೆಯಲ್ಲಿ ಸಾಕಷ್ಟು ಹಣವಿದ್ದರೂ ಕಟ್ಟೆಯ ಯಂತ್ರದ ದೋಷದಿಂದ ಪಾವತಿಯಾಗದಿದ್ದರೆ, ಗಾಡಿಯನ್ನು ಸುಂಕವಿಲ್ಲದೆ ಬಿಟ್ಟು, ಸೊನ್ನೆ ಮೊತ್ತದ ರಸೀತಿಯನ್ನು ಕೊಡಲೇಬೇಕು. ನಿಯಮ ಉತ್ತಮವಾದುದೇ. ಆದರೆ ಯಂತ್ರವೇ ತಪ್ಪಿದ್ದೆಂದು ನಡುರಾತ್ರಿಯಲ್ಲಿ ಚಾಲಕನು ರುಜುವಾತುಪಡಿಸುವುದು ಹೇಗೆ? 2025ನೆಯ ನವೆಂಬರ್ 15ರಿಂದ ಜಾರಿಗೆ ಬಂದ ತಿದ್ದುಪಡಿಯು, ಚೀಟಿಯಿಲ್ಲದವನು ಅಥವಾ ಚೀಟಿ ನಡೆಯದವನು ನಗದು ಕೊಟ್ಟರೆ ಎರಡರಷ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲರಷ್ಟು ಎಂದು ಗೊತ್ತುಮಾಡಿತು. ಇದು ಸ್ವಲ್ಪ ಸಮಾಧಾನವೇ ಸರಿ. ಆದರೆ ಮೊಬೈಲಿನ ಖಾತೆಯಲ್ಲಿ ಹಣವುಳ್ಳವನಿಗೆ ಮಾತ್ರ. ಕಿಸೆಯಲ್ಲಿ ಸರ್ಕಾರದ ನೋಟನ್ನೇ ಇಟ್ಟುಕೊಂಡವನಿಗೆ ಹೆಚ್ಚಿನ ದಂಡ!

ಇನ್ನೊಂದು ತಾರತಮ್ಯವನ್ನೂ ಹೇಳಬೇಕು. 2025ನೆಯ ಆಗಸ್ಟ್ 15ರಂದು 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಪ್ರಯಾಣಗಳ ಪಾಸು ಆರಂಭವಾಯಿತು. ಅದು ಸ್ವಂತ ಬಳಕೆಯ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ವಿಹಾರಕ್ಕೆ ಹೋಗುವವನಿಗೆ ದೊರೆತ ಸೌಲಭ್ಯವು ರಸ್ತೆಯಲ್ಲಿಯೇ ಬಾಳುವ ಬಾಡಿಗೆಯ ಟೆಂಪೋದವನಿಗೆ ದೊರೆಯಲಿಲ್ಲ. ದೊಡ್ಡ ಲಾರಿಯು ರಸ್ತೆಯನ್ನು ಹೆಚ್ಚು ಸವೆಸುತ್ತದೆಂಬುದು ನಿಜ. ಸೊಪ್ಪಿನ ಮೂಟೆ ಹೊರುವ ಸಣ್ಣ ಗಾಡಿಗೂ ಅದೇ ನ್ಯಾಯವೇ?

ನಾವು ಸುಂಕವೇ ಬೇಡವೆನ್ನುವವರಲ್ಲ. ಒಳ್ಳೆಯ ರಸ್ತೆಗೆ ಬೆಲೆಯುಂಟು. ನಾವು ಕೇಳುವುದು ಮೂರೇ ಸಂಗತಿ. ಯಂತ್ರ ತಪ್ಪಿದಾಗ ಚಾಲಕನಿಗಿರುವ ಹಕ್ಕನ್ನು ಪ್ರತಿ ಕಟ್ಟೆಯಲ್ಲೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಹಾಕಲಿ. ಚೀಟಿ ಏಕೆ ನಡೆಯಲಿಲ್ಲವೆಂಬ ಕಾರಣವನ್ನು ಅಲ್ಲಿಯೇ ಮುದ್ರಿಸಿ ಕೊಡಲಿ. ನಗದು ಕೊಟ್ಟು ಖಾತೆಯನ್ನು ತುಂಬಿಸಿಕೊಳ್ಳುವುದಕ್ಕೆ ರಾತ್ರಿಯಲ್ಲೂ ಕಟ್ಟೆಯ ಬಳಿ ಒಬ್ಬ ಮನುಷ್ಯನಿರಲಿ. ಹೆದ್ದಾರಿ ಪ್ರಾಧಿಕಾರದ 1033 ಸಂಖ್ಯೆಯ ದೂರವಾಣಿ ಇದೆಯೆಂದು ಬಲ್ಲೆವು. ಆದರೆ ಎದುರಿಗೆ ನಿಂತು ಕೇಳುವ ಕಿವಿಗೆ ಅದು ಸಮನಾಗದು.

ದುಡಿಯುವವನ ಕಾಲವೂ ಹಣವೇ. ಅಧಿಕಾರಿವರ್ಗದವರು ಒಮ್ಮೆ ರಾತ್ರಿಯ ಹೊತ್ತು ಸರ್ಕಾರಿ ವಾಹನವಿಲ್ಲದೆ, ಟೊಮೆಟೊ ಲಾರಿಯಲ್ಲಿ ಕುಳಿತು ಕೋಲಾರದಿಂದ ಪೂರ್ವಕ್ಕೆ ಹೋಗಿಬರಲಿ. ಆಮೇಲೆ ನಾವು ಬರೆಯುವ ಅಗತ್ಯವೇ ಬೀಳಲಾರದೆಂದು ನಂಬುತ್ತೇವೆ.