ಅಪ್ಪನ ಲಾರಿ ಹೋದ ದಾರಿ

ಐಟಿಐ ಮುಗಿಸಿದ ವರ್ಷ ಕಾರವಾರದ ನೌಕಾಪಡೆ ಹಡಗು ದುರಸ್ತಿ ಕೇಂದ್ರದ ಅಪ್ರೆಂಟಿಸ್ ಪರೀಕ್ಷೆಗೆ ಕರೆ ಬಂತು. 'ರೈಲಿಗೆ ಹೋಗ್ಲಾ ಅಪ್ಪಾ?' ಎಂದೆ. ಅಪ್ಪ ನಕ್ಕರು. 'ನಮ್ ಕಡೆಯಿಂದ ಅಲ್ಲಿಗೆ ನೇರ ರೈಲೆಲ್ಲಿ ಐತಿ? ಬಸ್ಸಿಗೆ ಹೋಗು. ಆ ರಸ್ತೆ ನಂಗೆ ಕಣ್ಮುಚ್ಚಿದ್ರೂ ಗೊತ್ತೈತಿ.'

ಗೊತ್ತಿರಲೇಬೇಕು. ಅಪ್ಪ ಸಂಡೂರಿನ ಗಣಿಯಿಂದ ಅಂಕೋಲಾ ಪಕ್ಕದ ಬೇಲೆಕೇರಿ ಬಂದರಿಗೆ ಅದಿರು ಸಾಗಿಸುತ್ತಿದ್ದ ಲಾರಿಯ ಡ್ರೈವರ್. ನಮ್ಮೂರು ವಡ್ಡು ಪಕ್ಕದ ತೋರಣಗಲ್ಲಿನಲ್ಲಿ ಹಾದುಹೋಗುವ ಹೆದ್ದಾರಿಗೆ ಆಗ 63 ಎಂಬ ಸಂಖ್ಯೆ. ಅದರ ಒಂದು ತುದಿ ಅಂಕೋಲಾದಲ್ಲೇ ಇತ್ತು. 2010ರ ಜುಲೈನಲ್ಲಿ ಸರ್ಕಾರ ರಾಜ್ಯದ ಬಂದರುಗಳಿಂದ ಅದಿರು ರಫ್ತು ನಿಷೇಧಿಸಿತು. ಅಪ್ಪನ ಕೆಲಸವೂ ನಿಂತಿತು. ನಾನಾಗ ಎರಡನೇ ಕ್ಲಾಸು.

ಪರೀಕ್ಷೆಗೆಂದು ಓದುವಾಗ ಕಾರವಾರದ ಚರಿತ್ರೆಯೂ ಸಿಕ್ಕಿತು. 17ನೇ ಶತಮಾನದಲ್ಲೇ ಇಂಗ್ಲಿಷರು ಇಲ್ಲಿ ಕೋಠಿ ತೆರೆದಿದ್ದರು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದಾಗ ಮ್ಯಾಂಚೆಸ್ಟರ್ ಗಿರಣಿಯವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಕಾರವಾರವೇ ಬಂದರು ಎಂದುಕೊಂಡರು. ಆದರೆ 1880ರ ದಶಕದ ಕೊನೆಗೆ ರೈಲು ಗೋವಾದ ಮರ್ಮಗೋವಾಕ್ಕೆ ಇಳಿಯಿತು. ಸರಕೂ ಅದರ ಹಿಂದೆಯೇ ಹೋಯಿತು. ಇವತ್ತಿಗೂ ನಮ್ಮ ಹೊಸಪೇಟೆಯ ಹಳಿ ಹುಬ್ಬಳ್ಳಿ, ಲೋಂಡಾ ದಾಟಿ ಇಳಿಯುವುದು ಗೋವಾಕ್ಕೇ. 1998ರಲ್ಲಿ ಕೊಂಕಣ ರೈಲು ಕಾರವಾರವನ್ನು ಮುಂಬೈ, ಮಂಗಳೂರಿಗೆ ಜೋಡಿಸಿತು. ಅದೇ ಸುಮಾರಿಗೆ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಮಾತ್ರ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತು. ಕಾಡು ಉಳಿಯಬೇಕು ಎಂಬುದೂ ನಿಜ, ನಮ್ಮಂಥವರು ಕರಾವಳಿ ತಲುಪಬೇಕು ಎಂಬುದೂ ನಿಜ.

ಸುಮಾರು 350 ಕಿ.ಮೀ. ಪ್ರಯಾಣ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆ. ಯಲ್ಲಾಪುರ ದಾಟಿ ಅರಬೈಲು ಘಟ್ಟದಲ್ಲಿ ಲಾರಿಯೊಂದು ಕೆಟ್ಟು ನಿಂತು ಎರಡು ತಾಸು ಹೋಯಿತು. ಗೇಟು ಮುಚ್ಚಲು ಹತ್ತು ನಿಮಿಷವಿದ್ದಾಗ ಓಡಿ ಒಳಗೆ ಸೇರಿದೆ. ಹಾಗಾಗಿ ನಮ್ಮ ಕಡೆಯಿಂದ ಪರೀಕ್ಷೆಗೆ ಹೋಗುವ ಗೆಳೆಯರೇ, ಒಂದು ದಿನ ಮೊದಲೇ ಹೊರಡಿ.

ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಕೂತಿದ್ದಾಗ ಅಪ್ಪನ ಫೋನು. ಪರೀಕ್ಷೆ ಹೇಗಾಯ್ತು ಎಂದು ಕೇಳಲಿಲ್ಲ. 'ಸಮುದ್ರ ನೋಡಿದ್ಯಾ?' ಎಂದರು.

'ನೀವು ನೋಡಿಲ್ವಾ?'

'ಎಲ್ಲಿ ನೋಡ್ತಿ? ಅನ್‌ಲೋಡಿಗೆ ಸಾಲಿನಾಗ ನಿಂತು ಲಾರಿ ಕೆಳಗ ಮಲಗೋದು, ಖಾಲಿ ಆದಕೂಡ್ಲೆ ವಾಪಸ್. ಸದ್ದು ಕೇಳಿಸ್ತಿತ್ತು ಅಷ್ಟೇ.'

ಆ ವರ್ಷ ನನಗೆ ಸೀಟು ಸಿಗಲಿಲ್ಲ. ಮತ್ತೆ ಅರ್ಜಿ ಹಾಕಿದ್ದೇನೆ. ಕರೆ ಬಂದರೆ ಈ ಸಲ ಎರಡು ಟಿಕೆಟ್.