ನಕಾಶೆಯ ಮೇಲಣ ಮಸಿ

1826ರಲ್ಲಿ ಫ್ರಾನ್ಸಿನ ಶಾರ್ಲ್ ದ್ಯುಪೇನ್ ಎಂಬ ಗಣಿತಜ್ಞನು ತನ್ನ ದೇಶದ ನಕಾಶೆಯೊಂದನ್ನು ಬರೆದು, ಶಾಲೆಗೆ ಹೋಗುವ ಮಕ್ಕಳು ಹೆಚ್ಚಾಗಿದ್ದ ಪ್ರಾಂತಗಳನ್ನು ಬೆಳ್ಳಗೆ ಬಿಟ್ಟು, ಕಡಮೆಯಾಗಿದ್ದೆಡೆ ಮಸಿ ತುಂಬಿದನು. ಉತ್ತರ ದಿಕ್ಕು ಬೆಳಗಿತು, ದಕ್ಷಿಣವು ಕತ್ತಲೆಯಾಯಿತು. ಅವಿದ್ಯೆಯನ್ನು ಕತ್ತಲೆಯೆನ್ನುವ ವಾಡಿಕೆ ನಮಗೂ ಹೊಸದಲ್ಲ. ಕಳ್ಳರೂ ಕೊಲೆಗಾರರೂ ಆ ಕತ್ತಲೆಯ ಮಕ್ಕಳೆಂದೂ, ಅಕ್ಷರ ಹರಡಿದಂತೆಲ್ಲ ಅಪರಾಧವು ತಾನಾಗಿ ಅಳಿಯುವುದೆಂದೂ ಆ ಕಾಲದ ಅನೇಕ ಸಜ್ಜನರು ನಂಬಿದ್ದರು.

ಮೂರು ವರ್ಷಗಳ ತರುವಾಯ ಆಂದ್ರೆ ಮಿಶೆಲ್ ಗೆರಿ ಎಂಬ ತರುಣ ವಕೀಲನು ಭೂಗೋಳಜ್ಞ ಬಾಲ್ಬಿಯೊಡನೆ ಸೇರಿ ಈ ನಂಬಿಕೆಯನ್ನು ಒರೆಗೆ ಹಚ್ಚಿದನು. ಸರಕಾರವು ಆ ವೇಳೆಗೆ ಕ್ರಿಮಿನಲ್ ನ್ಯಾಯಾಲಯಗಳ ವಾರ್ಷಿಕ ಲೆಕ್ಕವನ್ನು ಪ್ರಾಂತವಾರು ಪ್ರಕಟಿಸಲಾರಂಭಿಸಿತ್ತು. ಒಂದೇ ಹಾಳೆಯಲ್ಲಿ ಮೂರು ನಕಾಶೆಗಳು: ದೇಹದ ಮೇಲಣ ಅಪರಾಧ, ಸ್ವತ್ತಿನ ಮೇಲಣ ಅಪರಾಧ, ವಿದ್ಯಾಭ್ಯಾಸ. ಹೊಡೆತ, ಕೊಲೆಗಳ ಮಸಿ ಕಾರ್ಸಿಕಾ ದ್ವೀಪದಲ್ಲಿಯೂ ದಕ್ಷಿಣದಲ್ಲಿಯೂ ದಟ್ಟವಾಗಿದ್ದಿತು. ಆದರೆ ಕಳವಿನ ಮಸಿ ಎಲ್ಲಿ ದಟ್ಟವಾದುದು? ಪ್ಯಾರಿಸ್ಸಿನಲ್ಲಿ, ಉತ್ತರದಲ್ಲಿ, ಅಂದರೆ ಶಾಲೆಗಳು ತುಂಬಿದ್ದ ಕಡೆಯಲ್ಲಿಯೇ! 1833ರಲ್ಲಿ ಗೆರಿಯು ಸೈನ್ಯಕ್ಕೆ ಸೇರಿದವರ ಓದುಬರಹದ ಲೆಕ್ಕವನ್ನು ಹಿಡಿದು ಮತ್ತೊಮ್ಮೆ ತೂಗಿದಾಗಲೂ ಹಳೆಯ ನಂಬಿಕೆಗೆ ಆಧಾರ ದೊರೆಯಲಿಲ್ಲ.

ಉಪಾಧ್ಯಾಯರಿಗೆ ಈ ನಕಾಶೆ ಅಷ್ಟು ಪ್ರಿಯವಾಗಲಾರದು. ಆದರೆ ಓದು ಕಳ್ಳತನವನ್ನು ಕಲಿಸುವುದೆಂದು ಇದರಿಂದ ತೀರ್ಮಾನಿಸಿದರೆ ಅದು ಇನ್ನೊಂದು ಪ್ರಮಾದವಾದೀತು. ಒಂದು ಸೀಮೆಯಲ್ಲಿ ಓದಿದವರು ಹೆಚ್ಚು, ಕಳವೂ ಹೆಚ್ಚು ಎಂದ ಮಾತ್ರಕ್ಕೆ ಕದ್ದವರು ಓದಿದವರೇ ಎಂದಾಗಲಿಲ್ಲ. ಕದಿಯಲು ಯೋಗ್ಯವಾದ ಸ್ವತ್ತು ಪಟ್ಟಣಗಳಲ್ಲಿ ಹೆಚ್ಚಾಗಿರುವುದೂ ಉಂಟಷ್ಟೆ. ನಕಾಶೆ ಸ್ಥಳವನ್ನು ತೋರುತ್ತದೆ, ಮನುಷ್ಯನನ್ನಲ್ಲ. ಈ ವಿದ್ಯೆಯ ಮುಂದಿನ ಇತಿಹಾಸವೆಲ್ಲ ಇಷ್ಟು ಸಣ್ಣ ಮಾತನ್ನು ಕೆಲವರು ನೆನೆದುದರ, ಕೆಲವರು ಮರೆತುದರ ಕಥೆ.

ನೆನೆದವರಲ್ಲಿ ಶಿಕಾಗೋ ನಗರದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಎಂಬವರು ಗಣ್ಯರು. ಬಾಲನ್ಯಾಯಾಲಯಕ್ಕೆ ಬಂದ ಹುಡುಗರ ಮನೆಗಳನ್ನು ಅವರು ನಕಾಶೆಯ ಮೇಲೆ ಒಂದೊಂದು ಚುಕ್ಕೆಯಾಗಿ ಇಟ್ಟರು. ಚುಕ್ಕೆಗಳು ಕಾರ್ಖಾನೆಗಳ ಮಗ್ಗುಲಿನ, ನಗರಮಧ್ಯದ ಹಳೆಯ ಕೇರಿಗಳಲ್ಲಿ ಮುತ್ತಿಕೊಂಡವು. ಆ ಕೇರಿಗಳಲ್ಲಿ ಮೊದಲು ಜರ್ಮನರೂ ಐರಿಷರೂ ಇದ್ದರು. ಅವರು ಕೈಯಲ್ಲಿ ನಾಲ್ಕು ಕಾಸಾಗಿ ಬೇರೆಡೆಗೆ ಹೋದ ಮೇಲೆ ಪೋಲೆಂಡಿನವರೂ ಇಟಲಿಯವರೂ ಬಂದರು. ಜನ ಬದಲಾದರು, ಚುಕ್ಕೆಗಳು ಕದಲಲಿಲ್ಲ. ಹೊರಟುಹೋದವರ ಮಕ್ಕಳಲ್ಲಿಯಾದರೋ ಅಪರಾಧದ ಪ್ರಮಾಣ ಇಳಿಯಿತು. ದೋಷವು ರಕ್ತದಲ್ಲಿಲ್ಲ, ಕುಲದಲ್ಲಿಲ್ಲ, ಬದುಕಬೇಕಾದ ಪರಿಸರದಲ್ಲಿದೆ ಎಂಬುದಕ್ಕೆ 1942ರಲ್ಲಿ ಅವರು ಪ್ರಕಟಿಸಿದ ಗ್ರಂಥಕ್ಕಿಂತ ಬಲವಾದ ಸಾಕ್ಷ್ಯ ದೊರೆಯುವುದು ಕಷ್ಟ. ಶಾ ಬರಿಯ ಚುಕ್ಕೆಯಿಟ್ಟು ಸುಮ್ಮನಾಗಲಿಲ್ಲ. 1930ರ ದಶಕದಲ್ಲಿಯೇ ಆ ಕೇರಿಗಳ ನಿವಾಸಿಗಳನ್ನು ಕೂಡಿಸಿ, ಹುಡುಗರಿಗೆ ಆಟಪಾಠಗಳ ಏರ್ಪಾಡನ್ನು ಅವರ ಕೈಯಿಂದಲೇ ಮಾಡಿಸಹೊರಟನು.

ಇದೇ ಕಾಲದಲ್ಲಿ ನಮ್ಮ ದೇಶದಲ್ಲಿ ಏನಿದ್ದಿತೆಂಬುದನ್ನು ನೆನೆದರೆ ಮನಸ್ಸು ಕಹಿಯಾಗುತ್ತದೆ. 1871ರ ಕಾನೂನೊಂದು ಹಲವು ಜನಾಂಗಗಳಿಗೆ ಇಡಿಯಾಗಿ ಅಪರಾಧಿಗಳೆಂಬ ಮಸಿ ಬಳಿದಿದ್ದಿತು. ತೊಟ್ಟಿಲ ಕೂಸೂ ಅದರಿಂದ ಹೊರತಾಗಿರಲಿಲ್ಲ. 1952ರಲ್ಲಿ ಅದು ರದ್ದಾಯಿತು. ಅಂಥವರನ್ನು ಕಾವಲಿನಲ್ಲಿ ಕೂಡಿಟ್ಟ ವಸಾಹತೊಂದಿದ್ದ ಹುಬ್ಬಳ್ಳಿಯ ಬಡಾವಣೆಗೆ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಮಾತ್ರ ಇಂದಿಗೂ ಉಳಿದಿದೆ.

ಈಚೆಗೆ ಈ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡಿದೆ. ನ್ಯೂಯಾರ್ಕಿನ ಜ್ಯಾಕ್ ಮೇಪಲ್ ಎಂಬ ರೈಲ್ವೆ ಪೋಲೀಸು ಅಧಿಕಾರಿ 55 ಅಡಿ ಗೋಡೆಯ ಮೇಲೆ ಬಣ್ಣದ ಕಡ್ಡಿಗಳಿಂದ ನಿಲ್ದಾಣಗಳ ಸುಲಿಗೆಗಳನ್ನು ಗುರುತಿಸಿದ್ದನು. 1994ರಲ್ಲಿ ಆ ಕ್ರಮವೇ ಇಡಿಯ ನಗರದ ಪೋಲೀಸು ಪದ್ಧತಿಯಾಯಿತು. ಅದಕ್ಕೂ ಮುಂಚೆ, 1989ರಲ್ಲಿ, ಮಿನಿಯಾಪೊಲಿಸ್ ನಗರದ ಸಂಶೋಧನೆಯೊಂದು ಒಂದು ವರ್ಷದ ದೂರುಕರೆಗಳನ್ನು ಪರಿಶೀಲಿಸಿ, ಅವುಗಳಲ್ಲಿ ಅರ್ಧದಷ್ಟು ನೂರಕ್ಕೆ ಸುಮಾರು ಮೂರು ವಿಳಾಸಗಳಿಂದಲೇ ಬಂದುವೆಂದು ತೋರಿಸಿತ್ತು. ಇದು ಉಪಕಾರಿಯಾದ ಜ್ಞಾನ. ‘ಕೆಟ್ಟ ಕೇರಿ’ ಎನಿಸಿಕೊಂಡುದರಲ್ಲಿಯೂ ಬಹುಪಾಲು ಮನೆಗಳು ನೆಮ್ಮದಿಯಾಗಿವೆ. ಕೆಟ್ಟಿರುವುದು ಒಂದು ಮೂಲೆ, ಒಂದು ಹೆಂಡದಂಗಡಿ. ಅಲ್ಲಿಗೊಂದು ದೀಪ, ಒಬ್ಬ ಬೀಟಿನ ಪೇದೆ ಸಾಕಾದೀತು.

ಆದರೆ ಚುಕ್ಕೆಯಿಡುವವರು ಯಾರು? ಪೋಲೀಸರು ಹೋದ ಕಡೆ ದಾಖಲೆ ಹುಟ್ಟುತ್ತದೆ. ದಾಖಲೆಯಿದ್ದ ಕಡೆಗೆ ಯಂತ್ರವು ಪೋಲೀಸರನ್ನು ಮತ್ತೆ ಕಳಿಸುತ್ತದೆ. 2016ರಲ್ಲಿ ಇಬ್ಬರು ಸಂಶೋಧಕರು ಇಂಥ ಯಂತ್ರವೊಂದರ ಲೆಕ್ಕಾಚಾರಕ್ಕೆ ಓಕ್ಲೆಂಡ್ ನಗರದ ಮಾದಕವಸ್ತು ಪ್ರಕರಣಗಳ ದಾಖಲೆಯನ್ನು ಉಣಿಸಿ ನೋಡಿದರು. ಮಾದಕ ಸೇವನೆಯು ಕರಿಯರಲ್ಲಿಯೂ ಬಿಳಿಯರಲ್ಲಿಯೂ ಹೆಚ್ಚುಕಡಮೆ ಸಮನಾಗಿದ್ದಿತೆಂದು ಬೇರೆ ಸಮೀಕ್ಷೆಗಳು ಹೇಳುತ್ತಿದ್ದರೂ, ಯಂತ್ರವು ಕರಿಯರತ್ತ ಸುಮಾರು ಇಮ್ಮಡಿಯಾಗಿ ಬೆರಳು ತೋರಿತು. ಹಳೆಯ ಮಸಿಯನ್ನೇ ಅದು ಹೊಸದಾಗಿ ತೀಡಿದ್ದಿತು.

ಅಪರಾಧ ನಡೆಯುವ ಮುನ್ನವೇ ಸ್ಥಳ ಹೇಳುವ ಈ ವಿದ್ಯೆಯನ್ನು 2011ರಲ್ಲಿ ಮೊದಮೊದಲು ಪ್ರಯೋಗಿಸಿದ ಊರು ಕ್ಯಾಲಿಫೋರ್ನಿಯದ ಸಾಂಟಾ ಕ್ರೂಸ್. 2020ರ ಜೂನ್ ತಿಂಗಳಲ್ಲಿ ಅದೇ ಊರಿನ ನಗರಸಭೆಯು ಅದನ್ನು ನಿಷೇಧಿಸಿತು.