ಎಡಗಾಲಿನ ವಿದ್ಯೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ರಸ್ತೆಗಳು ಟ್ರ್ಯಾಕ್ಟರುಗಳ ಪಾಲು. ಮುಂದೆ ಒಂದು ಎಂಜಿನ್, ಹಿಂದೆ ಎರಡು ಟ್ರೇಲರ್, ಅವುಗಳ ಮೇಲೆ 15–20 ಟನ್ ಕಬ್ಬು. 1939ರಲ್ಲಿ ಹುಟ್ಟಿದ ಉಗಾರ ಶುಗರ್ ವರ್ಕ್ಸ್ ಇರಲಿ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಇರಲಿ, ನಿಪ್ಪಾಣಿಯ ಹಾಲಸಿದ್ಧನಾಥ ಇರಲಿ, ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮುಂದೆ ಗಾಡಿಗಳ ಸಾಲು ತಪ್ಪದು. ಮುಂದಿನ ಗಾಡಿ ನಾಲ್ಕು ಮಾರು ಸರಿದರೆ ಹಿಂದಿನದೂ ನಾಲ್ಕು ಮಾರು ಸರಿಯುತ್ತದೆ, ಮತ್ತೆ ನಿಲ್ಲುತ್ತದೆ. ರಾತ್ರಿಯಿಡೀ ಇದೇ ನಡೆದರೂ ಆಶ್ಚರ್ಯವಿಲ್ಲ. ಚಾಲಕನ ಕಸುಬು ಎಂಥದೆಂದು ತಿಳಿಯಬೇಕಾದರೆ ಈ ಸಾಲಿನಲ್ಲಿ ಅವನ ಎಡಗಾಲನ್ನು ನೋಡಬೇಕು.

ಪಳಗಿದ ಚಾಲಕ ಗಾಡಿ ನಿಂತ ಕೂಡಲೇ ಗೇರು ನ್ಯೂಟ್ರಲ್‌ಗೆ ತರುತ್ತಾನೆ, ಬ್ರೇಕ್ ಲಾಕ್ ಮಾಡುತ್ತಾನೆ, ಕ್ಲಚ್ಚಿನಿಂದ ಕಾಲು ತೆಗೆದು ಕೆಳಗಿಡುತ್ತಾನೆ. ಈ ಮೂರೂ ಒಂದೇ ಉಸಿರಿನಲ್ಲಿ ಆಗುತ್ತವೆ. ಹೊಸಬ ಮಾತ್ರ ಗೇರಿನಲ್ಲೇ ಬಿಟ್ಟು ಕ್ಲಚ್ ಒತ್ತಿ ಹಿಡಿದು ಕೂರುತ್ತಾನೆ. ಪೆಡಲ್ ಒತ್ತಿದಷ್ಟು ಹೊತ್ತೂ ಒಳಗೆ ರಿಲೀಸ್ ಬೇರಿಂಗ್ ತಿರುಗುವ ಬೆರಳುಗಳನ್ನು ಅದುಮಿಕೊಂಡು ಸವೆಯುತ್ತಿರುತ್ತದೆ. ಕಾಲು ಸೋತು ಪೆಡಲ್ ಅರ್ಧಕ್ಕೆ ಬಂತೋ, ಪ್ಲೇಟ್ ಜಾರಿ ಕಾಯುತ್ತದೆ, ಸುಟ್ಟ ವಾಸನೆ ಏಳುತ್ತದೆ. ಟ್ರ್ಯಾಕ್ಟರಿನ ಕ್ಲಚ್ ಪ್ಲೇಟ್ ಬದಲಿಸುವುದು ಸಣ್ಣ ಕೆಲಸವಲ್ಲ. ಗಾಡಿಯನ್ನು ನಡುವೆ ಬಿಚ್ಚಿ, ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಸರಿಸಿದ ಮೇಲಷ್ಟೇ ಪ್ಲೇಟು ಕೈಗೆ ಸಿಗುತ್ತದೆ. ಹಂಗಾಮಿನ ನಡುವೆ ಹಾಗೆ ನಿಂತ ಗಾಡಿಯೆಂದರೆ ಹೊಲದಲ್ಲಿ ಕಡಿದಿಟ್ಟ ಕಬ್ಬು ಒಣಗುವುದು, ತೂಕ ಇಳಿಯುವುದು. ಹಾಗಾಗಿ ‘ಕ್ಲಚ್ ಮ್ಯಾಲ ಕಾಲಿಟ್ಟು ನಿಂದರಬ್ಯಾಡೋ ತಮ್ಮಾ’ ಎಂಬ ಗದರಿಕೆಯ ಹಿಂದೆ ಒಂದು ಮನೆಯ ಲೆಕ್ಕಾಚಾರವೇ ಇದೆ.

ಮತ್ತೆ ಹೊರಡುವ ಗಳಿಗೆ ಇನ್ನೂ ನಾಜೂಕು. ಎಂಜಿನ್ನಿಗೂ ಮೊದಲ ಟ್ರೇಲರಿಗೂ ನಡುವಿನ ಪಿನ್ನಿನಲ್ಲಿ ಸ್ವಲ್ಪ ಸಡಿಲ ಇರುತ್ತದೆ, ಎರಡನೆಯದರ ಪಿನ್ನಿನಲ್ಲೂ ಇರುತ್ತದೆ. ಲೋ ಗೇರಿಗೆ ಹಾಕಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಾಗ ಮೊದಲ ಸಡಿಲ ಬಿಗಿಯಾಗಿ ಟಕ್ಕೆನ್ನುತ್ತದೆ, ಆಮೇಲೆ ಎರಡನೆಯದು. ಆ ಎರಡೂ ಸದ್ದು ಬೆನ್ನಿಗೆ ತಾಕುವವರೆಗೆ ತಾಳಿಕೊಂಡು, ಅನಂತರ ಉಳಿದ ಕ್ಲಚ್ ಬಿಡುವವನೇ ನಿಜವಾದ ಕಸುಬುದಾರ. ಅವಸರಪಟ್ಟರೆ ಪಿನ್ನಿಗೆ ಏಟು ಬೀಳುತ್ತದೆ. ಏರಿನಲ್ಲಾದರೆ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುವ ಅಪಾಯವೂ ಇದೆ. ಸಡಿಲ ಬಿಗಿಯಾಗುವುದನ್ನು ಕಾಲಿನಿಂದ ಕೇಳಿಸಿಕೊಳ್ಳುವ ಈ ಸೂಕ್ಷ್ಮ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಕಲಿಸಿದ್ದಲ್ಲ ಎಂದುಕೊಂಡಾಗ ನನಗೆ ಗೌರವ ಹೆಚ್ಚುತ್ತದೆ.

ಇದೇ ಊರುಗಳಲ್ಲಿ ಈಗ ಆಟೊಮ್ಯಾಟಿಕ್ ಕಾರುಗಳೂ ಓಡುತ್ತವೆ. ಸಿಗ್ನಲ್ಲಿನಲ್ಲಿ, ರೈಲ್ವೆ ಗೇಟಿನಲ್ಲಿ ನಿಂತಾಗ ಡಿ (ಡ್ರೈವ್) ಬಿಟ್ಟು ಎನ್‌ಗೆ (ನ್ಯೂಟ್ರಲ್) ಬರಬೇಕೆ ಎಂಬುದು ಅವುಗಳ ಮಾಲೀಕರು ಕೇಳುವ ಪ್ರಶ್ನೆ. ಒಳಗೆ ಇರುವುದು ಯಾವ ಯಂತ್ರ ಎಂಬುದನ್ನು ನೋಡದೆ ಇದಕ್ಕೆ ಉತ್ತರ ಹೇಳಲಾಗದು.

ಟಾರ್ಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಎಡಗಾಲಿನ ಕೆಲಸವನ್ನು ಎಣ್ಣೆ ಮಾಡುತ್ತದೆ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಇದನ್ನು ರೂಪಿಸಿದ್ದು ಹಡಗುಗಳಿಗಾಗಿ, ವೇಗದ ಟರ್ಬೈನನ್ನು ನಿಧಾನದ ಪ್ರೊಪೆಲರಿಗೆ ಜೋಡಿಸಲು. ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಎದುರಿನ ರೆಕ್ಕೆಗಳ ಮೇಲೆ ಎರಚುತ್ತವೆ, ಆ ಒತ್ತಡಕ್ಕೆ ಗೇರ್‌ಬಾಕ್ಸ್ ತಿರುಗುತ್ತದೆ. ಬ್ರೇಕ್ ಒತ್ತಿ ನಿಂತಾಗ ಎದುರಿನ ರೆಕ್ಕೆ ನಿಂತಿರುತ್ತದೆ, ಎಣ್ಣೆ ಮಾತ್ರ ಕಲಕುತ್ತಿರುತ್ತದೆ. ಐಡಲ್ ವೇಗದಲ್ಲಿ ಹುಟ್ಟುವ ಆ ಸ್ವಲ್ಪ ಬಿಸಿಯನ್ನು ಕೂಲರ್ ಸುಲಭವಾಗಿ ಹೊರಹಾಕುತ್ತದೆ. ಲೋಹಕ್ಕೆ ಲೋಹ ಉಜ್ಜುವುದಿಲ್ಲ. ಎನ್‌ಗೆ ಹೋಗಿ ಡಿಗೆ ಮರಳಿದಾಗಲೆಲ್ಲ ಒಳಗಿನ ಕ್ಲಚ್ಚುಗಳು ಬಿಟ್ಟು ಹಿಡಿಯಬೇಕು. ಒಂದೆರಡು ನಿಮಿಷದ ಸಿಗ್ನಲ್ಲಿಗೆ ಆ ಶ್ರಮ ಬೇಡ, ಡಿಯಲ್ಲೇ ಬ್ರೇಕ್ ಒತ್ತಿ ನಿಂತರೆ ಸಾಕು. ಗೇಟು ಹಾಕಿ ರೈಲಿನ ಸುಳಿವೇ ಇಲ್ಲವೆಂದರೆ ಪಿಗೆ (ಪಾರ್ಕ್) ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆರಿಸಬಹುದು.

ನಮ್ಮಲ್ಲಿ 2014ರ ಸೆಲೆರಿಯೊ ಕಾರಿನಿಂದ ಮನೆಮಾತಾದ ಎಎಂಟಿ ಗೇರ್‌ಬಾಕ್ಸ್ ಬೇರೆ ಜಾತಿಯದು. ಅಲ್ಲಿ ಕನ್ವರ್ಟರ್ ಇಲ್ಲ. ಟ್ರ್ಯಾಕ್ಟರಿನಲ್ಲಿರುವಂಥ ಪ್ಲೇಟು, ಬೇರಿಂಗು ಅಲ್ಲೂ ಇವೆ, ಪೆಡಲ್ ಒತ್ತುವ ಕಾಲಿನ ಬದಲು ಒಂದು ಯಂತ್ರ ಇದೆ. ಡಿಯಲ್ಲಿ ಬ್ರೇಕ್ ಹಿಡಿದು ನಿಂತಾಗ ಆ ಯಂತ್ರ ಕ್ಲಚ್ಚನ್ನು ಬಿಡಿಸಿ ಹಿಡಿದಿರುತ್ತದೆ. ಹಾಗಾಗಿ ಕಬ್ಬಿನ ಗಾಡಿಯವನ ನಿಯಮ ಇದಕ್ಕೂ ಒಪ್ಪುತ್ತದೆ: ಗಳಿಗೆಯ ನಿಲುಗಡೆಗೆ ಡಿ, ಉದ್ದ ಕಾಯುವಿಕೆಗೆ ಎನ್ ಮತ್ತು ಹ್ಯಾಂಡ್‌ಬ್ರೇಕ್. ಏರಿನಲ್ಲಿ ಮಾತ್ರ ಆಕ್ಸಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಲೇಬಾರದು. ಪ್ಲೇಟು ಸುಡುತ್ತದೆ.

ನಿಂತಾಗಿನ ನ್ಯೂಟ್ರಲ್ ಬಗ್ಗೆ ಹೀಗೆ ಎರಡು ಮಾತಿಗೆ ಜಾಗವುಂಟು. ಇಳಿಜಾರಿನ ನ್ಯೂಟ್ರಲ್ ಬಗ್ಗೆ ಇಲ್ಲ. ನಿಪ್ಪಾಣಿಯ ಬಳಿ ಹೆದ್ದಾರಿಯಲ್ಲಿ ತವಂದಿ ಘಾಟ್ ಇದೆ. ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಇಳಿಯುವಾಗ ಹಿಂದಿನ ಭಾರವೆಲ್ಲ ಟ್ರ್ಯಾಕ್ಟರನ್ನೇ ನೂಕುತ್ತದೆ. ತಿಳಿದವನು ಇಳಿಜಾರು ಶುರುವಾಗುವ ಮೊದಲೇ ಗಾಡಿ ನಿಧಾನಿಸಿ ಕೆಳಗಿನ ಗೇರು ಹಾಕಿಕೊಳ್ಳುತ್ತಾನೆ, ಏಕೆಂದರೆ ಹಳೆಯ ಗೇರ್‌ಬಾಕ್ಸಿನಲ್ಲಿ ಒಮ್ಮೆ ನ್ಯೂಟ್ರಲ್ ಆದ ಗಾಡಿ ಇಳಿಯುವ ಓಟದಲ್ಲಿ ಮತ್ತೆ ಗೇರಿಗೆ ಬೀಳುವುದು ಕಷ್ಟ. ಎಡ ಬಲ ಗಾಲಿಗಳ ಎರಡು ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಒಂದು ಮಾಡಿದ್ದೇನೆಯೇ ಎಂದೂ ನೋಡಿಕೊಳ್ಳುತ್ತಾನೆ. ಹೊಲದಲ್ಲಿ ಬೇರೆಬೇರೆಯಾಗಿ ಒತ್ತಿ ತಿರುಗಿಸುವ ಆ ಪೆಡಲುಗಳಲ್ಲಿ ಒಂದನ್ನೇ ರಸ್ತೆಯಲ್ಲಿ ಒತ್ತಿದರೆ ಗಾಡಿ ಒಂದು ಬದಿಗೆ ಎಳೆದು ಮಗುಚಬಹುದು.

ನ್ಯೂಟ್ರಲ್‌ನಲ್ಲಿ ಇಳಿದರೆ ಇಂಧನ ಉಳಿಯುತ್ತದೆ ಎಂಬ ನಂಬಿಕೆಯೂ ಈಗಿನ ಗಾಡಿಗಳಲ್ಲಿ ನಿಲ್ಲದು. ಗೇರಿನಲ್ಲಿ, ಆಕ್ಸಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಜೆಕ್ಷನ್ ವ್ಯವಸ್ಥೆ ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಇಂಧನ ಹೋಗುತ್ತಲೇ ಇರಬೇಕು. ಆಟೊಮ್ಯಾಟಿಕ್ ಕಾರಿನವರು ಘಾಟಿನ ನೆತ್ತಿಯಲ್ಲೇ ಎಲ್‌ಗೋ (ಲೋ) ಮ್ಯಾನುಯಲ್‌ನ 2ನೇ ಗೇರಿಗೋ ಇಳಿಸಿಕೊಂಡು, ಮುಂದಿನ ಕಬ್ಬಿನ ಗಾಡಿಗೆ ಸಾಕಷ್ಟು ಅಂತರ ಬಿಟ್ಟು ಇಳಿಯಲಿ.